ಜೆಮಿನಿ ಸರ್ಕಲ್ ದಾಟಿದರೆ ಅಮೆರಿಕ

ಬೆಂಗಳೂರಿನವರು ಅಮೆರಿಕಕ್ಕೆ ಹೋಗಬೇಕಾದರೆ ಮೊದಲು ಚೆನ್ನೈಗೆ ಹೋಗಬೇಕು. ಭೂಪಟ ನೋಡಿದವರಿಗೆ ಇದು ವಿಚಿತ್ರ, ವೀಸಾ ಬೇಕಾದವರಿಗೆ ಮಾಮೂಲು. ಮೈಸೂರಿನಿಂದ ಹೊರಡುವ ಕಾವೇರಿ ಎಕ್ಸ್‌ಪ್ರೆಸ್‌ನ ರಾತ್ರಿ ಬೋಗಿಗಳಲ್ಲಿ, ಶತಾಬ್ದಿಯಲ್ಲಿ, ವಂದೇ ಭಾರತ್‌ನಲ್ಲಿ, ಹೊಸೂರು, ಕೃಷ್ಣಗಿರಿ, ವೆಲ್ಲೂರು ಹಾದು ಓಡುವ ಕಾರುಗಳಲ್ಲಿ, ಪ್ಲಾಸ್ಟಿಕ್ ಫೈಲನ್ನು ತೊಡೆಯಿಂದ ಕೆಳಗಿಳಿಸದೆ ಕೂತವರು ಕಂಡರೆ ಅವರು ಅಣ್ಣಾ ಸಾಲೈನ 220ನೇ ನಂಬರಿಗೆ ಹೊರಟವರೆಂದು ಊಹಿಸಬಹುದು. ಜೆಮಿನಿ ಸರ್ಕಲ್‌ನ ಮೇಲ್ಸೇತುವೆ ಪಕ್ಕದ ಆ ಕಟ್ಟಡವೇ ಅಮೆರಿಕದ ಕಾನ್ಸುಲೇಟ್. ಎಸ್.ಎಸ್. ವಾಸನ್ ಅವರ ಜೆಮಿನಿ ಸ್ಟುಡಿಯೋ ಅಲ್ಲಿಂದ ಮಾಯವಾಗಿ ದಶಕಗಳಾದವು. ಆ ಕೂಡುರಸ್ತೆಯಲ್ಲಿ ಇಂದು ತಾರೆಯರಿಗಾಗಿ ಯಾರೂ ಕಾಯುವುದಿಲ್ಲ, ಸಂದರ್ಶನದ ಸ್ಲಾಟ್‌ಗಾಗಿ ಕಾಯುತ್ತಾರೆ.

ತಮಿಳುನಾಡು, ಕರ್ನಾಟಕ, ಕೇರಳ, ಪುದುಚೇರಿ, ಅಂಡಮಾನ್ ಮತ್ತು ನಿಕೋಬಾರ್, ಲಕ್ಷದ್ವೀಪ: ಇಷ್ಟೂ ಈ ಕಚೇರಿಯ ವ್ಯಾಪ್ತಿ. ಈಗಿನ ಕಟ್ಟಡ ಬಾಗಿಲು ತೆರೆದದ್ದು 1969ರಲ್ಲಿ. ನಂಟು ಮಾತ್ರ ಅದಕ್ಕಿಂತ ಬಹಳ ಹಳೆಯದು. 1794ರಲ್ಲೇ ವಿಲಿಯಂ ಅಬಟ್ ಎಂಬ ಮದರಾಸಿನ ವರ್ತಕನನ್ನು ಅಮೆರಿಕ ತನ್ನ ಪ್ರತಿನಿಧಿಯಾಗಿ ನೇಮಿಸಿಕೊಂಡಿತ್ತು. ಹಡಗಿನ ಸರಕು, ನಾವಿಕರ ತಕರಾರು ನೋಡಿಕೊಳ್ಳಬೇಕಾದ ಹುದ್ದೆ ಅದು. ಇನ್ನೂರು ಚಿಲ್ಲರೆ ವರ್ಷಗಳ ನಂತರ ಇದೇ ಊರು ಎಚ್-1ಬಿ ಎಂಬ ಉದ್ಯೋಗ ವೀಸಾದ ವಿಷಯದಲ್ಲಿ ಜಗತ್ತಿನ ಅತಿ ಗಿಜಿಗುಡುವ ಕಚೇರಿಗಳಲ್ಲಿ ಒಂದಾಗುತ್ತದೆಂದು ಅಬಟ್ ಕನಸಲ್ಲೂ ಎಣಿಸಿರಲಾರ.

ಸಂದರ್ಶನಕ್ಕೆ ಹೋಗುವವರದು ಎರಡು ಹಂತದ ಕೆಲಸ. ಮೊದಲು ನಗರದಲ್ಲೇ ಬೇರೆಡೆ ಇರುವ ವೀಸಾ ಅರ್ಜಿ ಕೇಂದ್ರದಲ್ಲಿ ಬೆರಳಚ್ಚು, ಫೋಟೋ. ಅದಾದ ಮೇಲೆ, ಸಾಮಾನ್ಯವಾಗಿ ಮಾರನೆಯ ದಿನ, ಕಾನ್ಸುಲೇಟ್. ಹಾಗಾಗಿ ಒಂದು ರಾತ್ರಿಯಾದರೂ ಚೆನ್ನೈನಲ್ಲಿ ತಂಗದೆ ಗತಿಯಿಲ್ಲ. ಒಳಗೆ ಮೊಬೈಲ್ ಬಿಡುವುದಿಲ್ಲ, ಲ್ಯಾಪ್‌ಟಾಪ್ ಬಿಡುವುದಿಲ್ಲ, ದೊಡ್ಡ ಬ್ಯಾಗಂತೂ ಇಲ್ಲವೇ ಇಲ್ಲ. ಒಂದಿಷ್ಟು ದುಡ್ಡು ತೆಗೆದುಕೊಂಡು ಇವನ್ನೆಲ್ಲ ಇಟ್ಟುಕೊಳ್ಳುವವರು ಆಸುಪಾಸಿನಲ್ಲೇ ಹುಟ್ಟಿಕೊಂಡಿದ್ದಾರೆ. ಸರ್ಕಾರಿ ಕಚೇರಿ ಎಲ್ಲಿರುತ್ತದೋ ಅಲ್ಲೊಂದು ಉಪಕಸುಬು ಇದ್ದೇ ಇರುತ್ತದೆ. ನಮ್ಮ ತಾಲ್ಲೂಕು ಕಚೇರಿ ಮುಂದೆ ಅರ್ಜಿ ಬರೆಯುವವರು ಕೂರುವುದಿಲ್ಲವೆ?

ಗಾಜಿನ ಕಿಟಕಿಯ ಮುಂದೆ ಸಿಗುವ ಸಮಯ ಎರಡು ಮೂರು ನಿಮಿಷ. ಮಗಳ ಬಾಣಂತನಕ್ಕೆ ಹೊರಟ ಶಿವಮೊಗ್ಗದ ತಾಯಿ ಇಂಗ್ಲಿಷಿಗೆ ಅಂಜಬೇಕಿಲ್ಲ, ಕನ್ನಡದ ದುಭಾಷಿಯ ನೆರವು ಕೇಳಬಹುದು. ಹೊರಗೆ ಕಾದವರದು ಒಂದೇ ಪ್ರಶ್ನೆ: ‘ಪಾಸ್‌ಪೋರ್ಟ್ ಇಟ್ಕೊಂಡ್ರಾ?’ ಇಟ್ಟುಕೊಂಡರೆ ಸಾಮಾನ್ಯವಾಗಿ ವೀಸಾ ಸಿಕ್ಕಿತೆಂದೇ ಲೆಕ್ಕ. ವಾಪಸು ಕೊಟ್ಟು ಜತೆಗೊಂದು ಚೀಟಿ ಹಿಡಿಸಿದರೆ ಯೋಚಿಸಬೇಕಾದ ಮಾತು. ಚೀಟಿಯ ಬಣ್ಣದ ಮೇಲೆ ಭವಿಷ್ಯ ಹೇಳುವ ಪಂಡಿತರು ಪ್ರತಿ ಐ.ಟಿ. ಕಂಪನಿಯಲ್ಲೂ ಸಿಗುತ್ತಾರೆ. ಅಸಲಿಗೆ ಮುಖ್ಯವಾದದ್ದು ಬಣ್ಣವಲ್ಲ, ಅದರಲ್ಲಿ ಬರೆದ ಕಲಮು. 221(ಜಿ) ಎಂದಿದ್ದರೆ ದಾಖಲೆ ಸಾಲದು, ಅಥವಾ ಪರಿಶೀಲನೆ ಮುಗಿದಿಲ್ಲ ಎಂದರ್ಥ. ಅದು ವಾರದಲ್ಲಿ ಮುಗಿಯಬಹುದು, ತಿಂಗಳುಗಟ್ಟಲೆ ಎಳೆಯಬಹುದು. 214(ಬಿ) ಎಂದಿದ್ದರೆ ಸದ್ಯಕ್ಕೆ ಬಾಗಿಲು ಮುಚ್ಚಿತು.

ಈ 214(ಬಿ) ಕಲಮನ್ನು ಅರ್ಥ ಮಾಡಿಕೊಂಡರೆ ವೀಸಾ ಅಧಿಕಾರಿಯ ತಲೆ ಹೇಗೆ ಓಡುತ್ತದೆಂಬುದು ಅರ್ಧ ತಿಳಿದಂತೆ. ಪ್ರವಾಸಕ್ಕೋ ಓದಿಗೋ ಹೊರಟ ಪ್ರತಿಯೊಬ್ಬರೂ ಅಲ್ಲೇ ನೆಲೆಸಲು ಬರುತ್ತಿದ್ದಾರೆ ಎಂದು ಮೊದಲೇ ಭಾವಿಸಬೇಕೆಂದು ಅಮೆರಿಕದ ಕಾನೂನೇ ಹೇಳುತ್ತದೆ. ಹಾಗಲ್ಲವೆಂದು ಸಾಬೀತು ಮಾಡುವ ಹೊಣೆ ಅರ್ಜಿದಾರರದು. ‘ನನ್ನ ತಪ್ಪೇನಿತ್ತು?’ ಎಂದು ಕೇಳುವ ತಂದೆತಾಯಿಗಳಿಗೆ ಯಾರೂ ಉತ್ತರ ಕೊಡದಿರಲು ಕಾರಣ ಇದು: ತಪ್ಪು ಹುಡುಕುವ ಅಗತ್ಯವೇ ಅಧಿಕಾರಿಗಿಲ್ಲ, ನಂಬಿಕೆ ಹುಟ್ಟಲಿಲ್ಲ ಎಂದರೆ ಸಾಕು. ಎಚ್-1ಬಿ ಮತ್ತು ಎಲ್-1 ಉದ್ಯೋಗ ವೀಸಾಗಳಿಗೆ ಮಾತ್ರ ಈ ಅನುಮಾನದಿಂದ ವಿನಾಯಿತಿಯಿದೆ. ಅಲ್ಲಿ ನೆಲೆಸುವ ಆಸೆ ಇಟ್ಟುಕೊಂಡೇ ಕೆಲಸಕ್ಕೆ ಹೋಗಬಹುದು.

ನಿರಾಕರಿಸಿದರೆ ಕೋರ್ಟಿಗೆ ಹೋಗಬಹುದೆ? ಇಲ್ಲವೆಂದೇ ಹೇಳಬೇಕು. ವೀಸಾ ಅಧಿಕಾರಿಯ ತೀರ್ಮಾನವನ್ನು ನ್ಯಾಯಾಲಯ ಪರಿಶೀಲಿಸುವುದಿಲ್ಲ ಎಂಬ ತತ್ವ ಅಮೆರಿಕದಲ್ಲಿ ಹಳೆಯದು. 2024ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮುನ್ಯೋಸ್ ಪ್ರಕರಣದಲ್ಲಿ ಅದನ್ನು ಮತ್ತೆ ಎತ್ತಿಹಿಡಿಯಿತು. ಅದರಲ್ಲಿ ದಾವೆ ಹೂಡಿದ್ದವರು ಸ್ವತಃ ಅಮೆರಿಕದ ಪ್ರಜೆ, ವೀಸಾ ಸಿಗದಿದ್ದದ್ದು ಅವರ ಎಲ್ ಸಾಲ್ವಡಾರ್‌ನ ಪತಿಗೆ. ಸ್ವಂತ ಪ್ರಜೆಯ ಗಂಡನಿಗೇ ಈ ಗತಿಯಾದರೆ ಹಾಸನದ ಎಂಜಿನಿಯರಿಗೆ ಯಾವ ದಿಕ್ಕು? ಮೇಲ್ಮನವಿಯಿಲ್ಲದ ಇಂಥ ಕಚೇರಿಯಲ್ಲಿ ನಿಯಮ ಕಟ್ಟುನಿಟ್ಟಾಗಿದ್ದರೆ ಸಹಿಸಬಹುದು. ಮನೆ ಬಿಟ್ಟು ಹೊರಟವರು ದಾರಿಯಲ್ಲಿರುವಾಗಲೇ ನಿಯಮ ಬದಲಾದರೆ ಏನು ಮಾಡಬೇಕು? 2025ರಲ್ಲಿ ಆದದ್ದು ಅದು.

ಆ ಕಥೆಗೆ ಮುನ್ನ ಸ್ವಲ್ಪ ಹಿಂದಕ್ಕೆ ಹೋಗೋಣ. ಅಮೆರಿಕದ ಬಾಗಿಲು ಯಾವಾಗಲೂ ತೆರೆದೇ ಇತ್ತೆಂದೇನಲ್ಲ. 1917ರ ಕಾನೂನು ಭಾರತವೂ ಸೇರಿ ಏಷ್ಯಾದ ದೊಡ್ಡ ಭಾಗದಿಂದ ವಲಸೆಯನ್ನೇ ನಿಷೇಧಿಸಿತ್ತು. 1923ರಲ್ಲಿ ಭಗತ್ ಸಿಂಗ್ ತಿಂಡ್ ಎಂಬ ಪಂಜಾಬಿ, ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದವರು, ಪೌರತ್ವಕ್ಕೆ ಅರ್ಹರಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 1946ರಲ್ಲಿ ಕೊಂಚ ಸಡಿಲಿಸಿ ವರ್ಷಕ್ಕೆ 100 ಭಾರತೀಯರಿಗೆ ವಲಸೆ ಅವಕಾಶ ಕೊಟ್ಟರು. ಮೈಸೂರಿನ ಎ.ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದಾಗ ಲೆಕ್ಕ ಅಷ್ಟರಲ್ಲೇ ನಿಂತಿತ್ತು. 1965ರ ಕಾನೂನು ದೇಶವಾರು ಕೋಟಾ ಪದ್ಧತಿ ಕಿತ್ತುಹಾಕಿದ ಮೇಲೆ ವೈದ್ಯರೂ ಎಂಜಿನಿಯರುಗಳೂ ಹೋದರು. ಡೆಟ್ರಾಯಿಟ್, ಷಿಕಾಗೋ, ಹ್ಯೂಸ್ಟನ್‌ಗಳಲ್ಲಿ ಕನ್ನಡ ಕೂಟಗಳು ಹುಟ್ಟಿದವು. 1990ರ ಕಾನೂನು ಎಚ್-1ಬಿ ವರ್ಗವನ್ನು ಸೃಷ್ಟಿಸಿತು. ಆ ದಶಕದ ಕೊನೆಗೆ ವೈ2ಕೆ ಭೀತಿ ಬಂದು ಬೆಂಗಳೂರಿನ ಹುಡುಗರಿಗೆಲ್ಲ ಚೆನ್ನೈ ದಾರಿ ಬಾಯಿಪಾಠವಾಯಿತು.

ಎಚ್-1ಬಿ ಲೆಕ್ಕ ಕೇಳಲು ಸರಳ. ವರ್ಷಕ್ಕೆ 65,000, ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆಂದು ಇನ್ನೊಂದು 20,000. ಅರ್ಜಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬರುವುದರಿಂದ ಲಾಟರಿ. ಲಾಟರಿ ಗೆದ್ದು, ಕಂಪನಿಯ ಅರ್ಜಿ ಮಂಜೂರಾದರೆ ಕೆಲಸ ಮಾಡುವ ಹಕ್ಕು ಬಂತು. ದೇಶದೊಳಗೆ ಕಾಲಿಡಲು ಪಾಸ್‌ಪೋರ್ಟಿನಲ್ಲಿ ವೀಸಾ ಅಂಟಿಸಬೇಕಲ್ಲ, ಅದು ಕಾನ್ಸುಲೇಟಿನ ಕೆಲಸ. ಅದಕ್ಕೆ ಎಲ್ಲರೂ ಹೇಳುವುದು ‘ಸ್ಟಾಂಪಿಂಗ್’ ಎಂದು. ಅಮೆರಿಕದಲ್ಲಿದ್ದುಕೊಂಡೇ ಕೆಲಸದ ಅವಧಿ ವಿಸ್ತರಿಸಿಕೊಳ್ಳಬಹುದು. ಆದರೆ ತಂದೆಯ ವೈಕುಂಠ ಸಮಾರಾಧನೆಗೋ ತಂಗಿಯ ಮದುವೆಗೋ ಊರಿಗೆ ಬಂದರೆ, ವೀಸಾ ಅವಧಿ ಮುಗಿದಿದ್ದಲ್ಲಿ, ಸ್ಟಾಂಪಿಂಗ್ ಆಗದೆ ವಾಪಸು ಹೋಗುವಂತಿಲ್ಲ. ಗ್ರೀನ್ ಕಾರ್ಡ್ ಸಿಕ್ಕಿದ್ದರೆ ಈ ತಾಪತ್ರಯವಿರುತ್ತಿರಲಿಲ್ಲ. ಆದರೆ ಒಂದು ದೇಶಕ್ಕೆ ಶೇ 7 ಎಂಬ ಮಿತಿಯಿರುವುದರಿಂದ ಭಾರತೀಯರ ಸರದಿ ಹತ್ತು ವರ್ಷ ಕಳೆದರೂ ಬರುವುದಿಲ್ಲ. ಮಕ್ಕಳು ಅಲ್ಲೇ ಹುಟ್ಟಿ ಹೈಸ್ಕೂಲು ಸೇರಿರುತ್ತಾರೆ, ಅಪ್ಪ ಅಮ್ಮ ಇನ್ನೂ ಮೂರು ವರ್ಷಕ್ಕೊಮ್ಮೆ ಜೆಮಿನಿ ಸರ್ಕಲ್‌ಗೆ ಬರುತ್ತಿರುತ್ತಾರೆ.

ಈ ಕಷ್ಟಕ್ಕೊಂದು ಪರಿಹಾರ ಕಂಡಿತ್ತು. 2023ರ ಜೂನ್‌ನಲ್ಲಿ ಪ್ರಧಾನಿ ಮೋದಿ ವಾಷಿಂಗ್ಟನ್‌ಗೆ ಹೋದಾಗ ಬೆಂಗಳೂರು ಮತ್ತು ಅಹಮದಾಬಾದ್‌ನಲ್ಲಿ ಹೊಸ ಕಾನ್ಸುಲೇಟ್ ತೆರೆಯುವ ಮಾತಾಯಿತು, ಎಚ್-1ಬಿ ವೀಸಾವನ್ನು ಅಮೆರಿಕದೊಳಗೇ ನವೀಕರಿಸುವ ಪ್ರಯೋಗದ ಮಾತೂ ಆಯಿತು. 2024ರ ಜನವರಿ ಕೊನೆಯಲ್ಲಿ 20,000 ಅರ್ಜಿಗಳಿಗೆ ಸೀಮಿತವಾಗಿ ಆ ಪ್ರಯೋಗ ಶುರುವಾಯಿತು. ಚೆನ್ನಾಗಿಯೇ ನಡೆಯಿತು. ಆದರೆ ಕಾಯಂ ಆಗಲಿಲ್ಲ.

ಇನ್ನೊಂದು ಅನುಕೂಲವಿತ್ತು, ಡ್ರಾಪ್‌ಬಾಕ್ಸ್. ಹಿಂದೆ ವೀಸಾ ಪಡೆದವರು ಸಂದರ್ಶನವಿಲ್ಲದೆ ಕಾಗದಪತ್ರ ಕೊಟ್ಟು ಬಂದರೆ ಸಾಕಿತ್ತು. ಕೋವಿಡ್ ನಂತರ ಪ್ರವಾಸಿ ವೀಸಾದ ಕಾಯುವಿಕೆ ಭಾರತದಲ್ಲಿ 2 ವರ್ಷ ದಾಟಿದ್ದಾಗ ಈ ಸೌಲಭ್ಯ ವಿಸ್ತರಿಸಿದ್ದರು. ಶನಿವಾರಗಳಲ್ಲೂ ಸಂದರ್ಶನ ನಡೆಸಿದ್ದರು. ಬ್ಯಾಂಕಾಕ್‌ಗೆ ಹೋಗಿ ಅರ್ಜಿ ಹಾಕಿ ಎಂದು ಭಾರತೀಯರಿಗೆ ಅಮೆರಿಕದವರೇ ಹೇಳಿದ್ದೂ ಉಂಟು! ಭಾರತದ ಅಮೆರಿಕನ್ ಕಚೇರಿಗಳು 2023ರಲ್ಲಿ ಒಟ್ಟು 14 ಲಕ್ಷ ವೀಸಾ ಅರ್ಜಿ ನಿಭಾಯಿಸಿ ದಾಖಲೆ ಬರೆದವು.

ಮುಂದಿನದು ಇಳಿಜಾರು. 2025ರ ಫೆಬ್ರುವರಿಯಲ್ಲಿ ಡ್ರಾಪ್‌ಬಾಕ್ಸ್ ಅರ್ಹತೆಯನ್ನು ಬಿಗಿಗೊಳಿಸಿದರು: ಹಳೆ ವೀಸಾ ಮುಗಿದು 48 ತಿಂಗಳೊಳಗೆ ಎಂದಿದ್ದದ್ದು 12 ತಿಂಗಳಾಯಿತು. ಮೇ ಕೊನೆಗೆ ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಗಳಿಗೆ ದಿನಾಂಕ ಕೊಡುವುದನ್ನೇ ನಿಲ್ಲಿಸಿದರು. ಆಗಸ್ಟ್‌ನಲ್ಲಿ ತರಗತಿ ಶುರುವಾಗುವ ಮಕ್ಕಳಿಗೆ ಅದು ಎಂಥ ಹೊತ್ತು ಎಂದು ವಿವರಿಸಬೇಕಿಲ್ಲ. ಜೂನ್‌ನಲ್ಲಿ ಮತ್ತೆ ತೆರೆದಾಗ ಹೊಸ ಷರತ್ತೊಂದು ಸೇರಿತ್ತು: ವಿದ್ಯಾರ್ಥಿಗಳು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಯಾರು ಬೇಕಾದರೂ ನೋಡುವಂತೆ ತೆರೆದಿಡಬೇಕು. ಖಾತೆಗಳ ಹೆಸರು ಕೇಳುವುದು 2019ರಿಂದಲೇ ಇತ್ತು. ಬೀಗ ತೆಗೆದಿಡಿ ಎಂದದ್ದು ಹೊಸದು. ಸೆಪ್ಟೆಂಬರ್ 2ರಿಂದ ಡ್ರಾಪ್‌ಬಾಕ್ಸ್ ಬಹುತೇಕ ಮುಚ್ಚಿಯೇಹೋಯಿತು. 14 ವರ್ಷದೊಳಗಿನ ಮಕ್ಕಳೂ 79 ದಾಟಿದ ಹಿರಿಯರೂ ಸಾಮಾನ್ಯವಾಗಿ ಖುದ್ದಾಗಿ ಬರಬೇಕೆಂದಾಯಿತು. ಎಂಬತ್ತು ದಾಟಿದ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಚೆನ್ನೈ ಬಿಸಿಲಿಗೆ ಹೊರಡುವುದು ಈಗ ವೀಸಾ ವಿಧಿವಿಧಾನದ ಭಾಗ. ಅದೇ ವಾರ ಇನ್ನೊಂದು ಸುತ್ತೋಲೆ ಬಂತು, ಅವರವರ ದೇಶದಲ್ಲೇ ಅಥವಾ ವಾಸವಿರುವ ದೇಶದಲ್ಲೇ ಅರ್ಜಿ ಹಾಕಬೇಕೆಂದು. ಬ್ಯಾಂಕಾಕ್, ಸಿಂಗಪುರದ ಅಡ್ಡದಾರಿಗಳಿಗೆ ಅಲ್ಲಿಗೆ ತೆರೆ ಬಿತ್ತು.

ದೊಡ್ಡ ಸಿಡಿಲು ಬಡಿದದ್ದು ಸೆಪ್ಟೆಂಬರ್ 19ರ ಶುಕ್ರವಾರ. ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್, ಅಂದಿನ ದರದಲ್ಲಿ ಸುಮಾರು 88 ಲಕ್ಷ ರೂಪಾಯಿ, ಕಟ್ಟಬೇಕೆಂದು ಅಧ್ಯಕ್ಷ ಟ್ರಂಪ್ ಘೋಷಣೆಗೆ ಸಹಿ ಹಾಕಿದರು. ಅದು ಜಾರಿಗೆ ಬರುವ ಹೊತ್ತು ನಮ್ಮ ಗಡಿಯಾರದಲ್ಲಿ ಸೆಪ್ಟೆಂಬರ್ 21ರ ಭಾನುವಾರ ಬೆಳಿಗ್ಗೆ 9 ಗಂಟೆ 31 ನಿಮಿಷ. ಅಂದು ಮಹಾಲಯ ಅಮಾವಾಸ್ಯೆ, ಮಾರನೆಯ ದಿನದಿಂದ ನವರಾತ್ರಿ. ದಸರೆಗೆಂದು ಊರಿಗೆ ಬಂದವರು ಎಷ್ಟೋ ಮಂದಿ. ವಾಣಿಜ್ಯ ಸಚಿವ ಹೊವರ್ಡ್ ಲಟ್ನಿಕ್ ಇದು ಪ್ರತಿ ವರ್ಷದ ಶುಲ್ಕ ಎನ್ನುವಂತೆ ಮಾತಾಡಿದ್ದರು. ಈಗಾಗಲೇ ವೀಸಾ ಇರುವವರಿಗೂ ಅನ್ವಯಿಸುತ್ತದೆಯೇ ಎಂಬುದು ಯಾರಿಗೂ ಸ್ಪಷ್ಟವಿರಲಿಲ್ಲ. ಮೈಕ್ರೋಸಾಫ್ಟ್, ಅಮೆಜಾನ್‌ನಂಥ ಕಂಪನಿಗಳು ಹೊರದೇಶದಲ್ಲಿರುವ ನೌಕರರಿಗೆ ಗಡುವಿನೊಳಗೆ ವಾಪಸು ಬನ್ನಿ ಎಂದು ಸಂದೇಶ ಕಳಿಸಿದವು. ಬೆಂಗಳೂರಿನಿಂದ ಅಷ್ಟು ಹೊತ್ತಿನೊಳಗೆ ಅಮೆರಿಕ ಮುಟ್ಟುವುದೇ ಹರಸಾಹಸ. ಟಿಕೆಟ್ ದರ ಗಗನಕ್ಕೇರಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೊರಡಲಿದ್ದ ವಿಮಾನದಿಂದ ಪ್ರಯಾಣಿಕರು ಇಳಿದುಬಿಟ್ಟ ವೀಡಿಯೊಗಳು ಎಲ್ಲೆಡೆ ಹರಿದಾಡಿದವು.

ಮರುದಿನ ಶ್ವೇತಭವನದ ಸ್ಪಷ್ಟೀಕರಣ ಬಂತು. ಇದು ವಾರ್ಷಿಕವಲ್ಲ, ಒಮ್ಮೆ ಕಟ್ಟುವ ಹಣ. ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇರುವವರಿಗೆ ಅಲ್ಲ. ಒಂದು ದಿನ ಮೊದಲು ಈ ಎರಡು ಸಾಲು ಬರೆದಿದ್ದರೆ ಸಾವಿರಾರು ಕುಟುಂಬಗಳ ಹಬ್ಬ ಉಳಿಯುತ್ತಿತ್ತು. ಅಕ್ಟೋಬರ್ 20ರಂದು ಇನ್ನೊಂದು ವಿವರಣೆ: ಅಮೆರಿಕದೊಳಗೇ ವಿದ್ಯಾರ್ಥಿ ವೀಸಾದಿಂದ ಎಚ್-1ಬಿಗೆ ಬದಲಾಗುವವರಿಗೆ ಈ ಶುಲ್ಕವಿಲ್ಲ. ಡಿಸೆಂಬರ್‌ನಲ್ಲಿ ವಾಷಿಂಗ್ಟನ್‌ನ ಫೆಡರಲ್ ನ್ಯಾಯಾಲಯವೊಂದು ಶುಲ್ಕವನ್ನು ಎತ್ತಿಹಿಡಿಯಿತು. ಹೀಗೆ ಹೊಡೆತ ಬಿದ್ದದ್ದು ನೇರವಾಗಿ ಭಾರತದಿಂದ ಹೊರಡಬೇಕಿದ್ದವರ ಮೇಲೆ, ಅಂದರೆ ಚೆನ್ನೈ ಸಾಲಿನಲ್ಲಿ ನಿಲ್ಲಬೇಕಿದ್ದವರ ಮೇಲೆ.

ಅಷ್ಟಕ್ಕೇ ಮುಗಿಯಲಿಲ್ಲ. ಡಿಸೆಂಬರ್ 15ರಿಂದ ಎಚ್-1ಬಿ ಮತ್ತು ಅವರ ಕುಟುಂಬದ ಎಚ್-4 ಅರ್ಜಿದಾರರಿಗೂ ಜಾಲತಾಣದ ಪರಿಶೀಲನೆ ವಿಸ್ತರಣೆಯಾಯಿತು. ಒಬ್ಬೊಬ್ಬರ ಖಾತೆ ನೋಡಲು ಹೊತ್ತು ಬೇಕು, ಆದ್ದರಿಂದ ದಿನಕ್ಕೆ ಮಾಡುವ ಸಂದರ್ಶನ ಕಡಿಮೆ. ಆಗಲೇ ಕ್ರಿಸ್ಮಸ್ ರಜೆಗೆ ಟಿಕೆಟ್ ತೆಗೆದವರಿಗೆ, ಕೆಲವರಿಗಂತೂ ಭಾರತಕ್ಕೆ ಬಂದಿಳಿದ ಮೇಲೆ, ಇ-ಮೇಲ್ ಬಂತು: ನಿಮ್ಮ ದಿನಾಂಕ ಮಾರ್ಚ್‌ಗೆ ಹೋಗಿದೆ. ಕೆಲವರಿಗೆ ಅದಕ್ಕೂ ಮುಂದಕ್ಕೆ. ಹಳೆಯ ದಿನಾಂಕದಂದು ಬಂದರೆ ಒಳಗೆ ಬಿಡುವುದಿಲ್ಲವೆಂದು ರಾಯಭಾರ ಕಚೇರಿ ಪ್ರಕಟಣೆ ಹೊರಡಿಸಿತು. ಮನೆ ಬಾಡಿಗೆ, ಕಾರಿನ ಕಂತು, ಮಕ್ಕಳ ಶಾಲೆ ಎಲ್ಲ ಕ್ಯಾಲಿಫೋರ್ನಿಯಾದಲ್ಲಿ. ಯಜಮಾನರು ಮಾತ್ರ ರಾಜಾಜಿನಗರದ ಅತ್ತೆ ಮನೆಯಲ್ಲಿ. ಅಮೆಜಾನ್ ಹೀಗೆ ಸಿಕ್ಕಿಕೊಂಡ ತನ್ನ ನೌಕರರಿಗೆ ಮಾರ್ಚ್ 2ರವರೆಗೆ ಭಾರತದಿಂದ ಕೆಲಸ ಮಾಡಲು ಅನುಮತಿ ಕೊಟ್ಟಿತು. ಷರತ್ತು ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು: ಕೋಡ್ ಬರೆಯುವಂತಿಲ್ಲ, ಒಪ್ಪಂದಕ್ಕೆ ಸಹಿ ಹಾಕುವಂತಿಲ್ಲ, ಮಹತ್ವದ ತೀರ್ಮಾನ ತೆಗೆದುಕೊಳ್ಳುವಂತಿಲ್ಲ. ಕೋಡ್ ಬರೆಯದ ಸಾಫ್ಟ್‌ವೇರ್ ಎಂಜಿನಿಯರ್ ಬೆಳಗಿನಿಂದ ಸಂಜೆವರೆಗೆ ಮಾಡುವುದಾದರೂ ಏನು? ಭಾರತದ ವಿದೇಶಾಂಗ ಸಚಿವಾಲಯ ಈ ಮುಂದೂಡಿಕೆಯ ಬಗ್ಗೆ ಕಳವಳ ತಿಳಿಸಿತು. ವೀಸಾ ಕೊಡುವುದು ಬಿಡುವುದು ಆಯಾ ದೇಶದ ಸಾರ್ವಭೌಮ ಹಕ್ಕಾದ್ದರಿಂದ ಕಳವಳಕ್ಕಿಂತ ಹೆಚ್ಚಿನದು ಅದರ ಕೈಯಲ್ಲೂ ಇರಲಿಲ್ಲ.

ಲಾಟರಿಯ ರೂಪವೂ ಬದಲಾಗಿದೆ. 2026ರ ಫೆಬ್ರುವರಿ 27ರಿಂದ ಜಾರಿಗೆ ಬಂದ ನಿಯಮದಂತೆ ಸಂಬಳದ ಹಂತ ಮೇಲಿದ್ದಷ್ಟೂ ಆಯ್ಕೆಯ ಸಾಧ್ಯತೆ ಹೆಚ್ಚು. ನಾಲ್ಕನೇ ಹಂತದ ಸಂಬಳದವರ ಹೆಸರು ಡಬ್ಬಿಯಲ್ಲಿ ನಾಲ್ಕು ಸಲ, ಮೊದಲ ಹಂತದವರದು ಒಂದೇ ಸಲ. ಆಗಷ್ಟೇ ಓದು ಮುಗಿಸಿ, ಬ್ಯಾಂಕ್ ಸಾಲ ಹೊತ್ತು ಮೊದಲ ಕೆಲಸಕ್ಕೆ ಸೇರುವವರಿಗೆ ಇದರಿಂದ ಆಗುವ ನಷ್ಟವನ್ನು ಅಲ್ಲಗಳೆಯುವಂತಿಲ್ಲ. ಆದರೂ ಒಂದು ಮಾತು ಹೇಳಬೇಕು: ಅಗ್ಗದ ಸಂಬಳಕ್ಕೆ ಎಂಜಿನಿಯರುಗಳನ್ನು ಕಟ್ಟುಕಟ್ಟಾಗಿ ಕಳಿಸುತ್ತಿದ್ದ ಕೆಲವು ಗುತ್ತಿಗೆ ಕಂಪನಿಗಳ ವರಸೆ ನೋಡಿದವರಿಗೆ ಈ ನಿಯಮದಲ್ಲಿ ಸ್ವಲ್ಪ ತರ್ಕ ಕಾಣದಿರದು.

ಇದೇ ಗದ್ದಲದಲ್ಲಿ ಚೆನ್ನೈ ಹೆಸರು ಅಮೆರಿಕದ ರಾಜಕೀಯದಲ್ಲೂ ಮೊಳಗಿತು. 2025ರ ನವೆಂಬರ್‌ನಲ್ಲಿ ಮಾಜಿ ಸಂಸದ ಡೇವ್ ಬ್ರ್ಯಾಟ್ ಒಂದು ಪಾಡ್‌ಕಾಸ್ಟ್‌ನಲ್ಲಿ, ದೇಶದ ಮಿತಿಯೇ 85,000 ಇರುವಾಗ ಮದರಾಸ್ ಒಂದರಲ್ಲೇ 2,20,000 ಎಚ್-1ಬಿ ವೀಸಾ ಹೇಗೆ ಬಂತು, ಇದು ವಂಚನೆಯಲ್ಲದೆ ಮತ್ತೇನು ಎಂದರು. ಕೇಳಿದವರು ಹೌಹಾರಿದರು. ಲೆಕ್ಕವನ್ನು ಸ್ವಲ್ಪ ಬಿಡಿಸಿದರೆ ಗಾಳಿ ಇಳಿಯುತ್ತದೆ. 85,000 ಎಂಬುದು ಹೊಸದಾಗಿ ಆಯ್ಕೆಯಾಗುವವರ ಮಿತಿ. ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳಿಗೆ ಆ ಮಿತಿಯೇ ಇಲ್ಲ. ಮೂರು ವರ್ಷಕ್ಕೊಮ್ಮೆ ಮರುಸ್ಟಾಂಪಿಂಗ್‌ಗೆ ಬರುವವರು ಅದರಲ್ಲಿ ಸೇರುವುದಿಲ್ಲ. ಮೇಲಾಗಿ, 2,20,000 ಎಂಬುದು ಒಂದು ವರ್ಷದಲ್ಲಿ ಅಮೆರಿಕ ಇಡೀ ಜಗತ್ತಿಗೆ ಕೊಟ್ಟ ಎಚ್-1ಬಿ ವೀಸಾಗಳ ಸಂಖ್ಯೆಗೆ ಹತ್ತಿರ ಹತ್ತಿರ ಸಮ. ಅದಷ್ಟನ್ನೂ ಜೆಮಿನಿ ಸರ್ಕಲ್ ತಲೆಗೆ ಕಟ್ಟಿದರೆ ಹೇಗೆ?

ವಂಚನೆ ಇಲ್ಲವೇ ಇಲ್ಲ ಎಂದೂ ಹೇಳಲಾಗದು. ಮಾಡದ ಕೆಲಸದ ಅನುಭವ ಪತ್ರ ತಯಾರಿಸಿ ಕೊಡುವವರು, ಸ್ಲಾಟ್ ಹಿಡಿದುಕೊಡುತ್ತೇವೆಂದು ಸಾವಿರಾರು ರೂಪಾಯಿ ಕೀಳುವವರು ದಕ್ಷಿಣದ ಎಲ್ಲ ಊರುಗಳಲ್ಲಿದ್ದಾರೆ. 2025ರ ಮಾರ್ಚ್‌ನಲ್ಲಿ ಅಮೆರಿಕದ ರಾಯಭಾರ ಕಚೇರಿ, ಬಾಟ್ ಎಂಬ ಸ್ವಯಂಚಾಲಿತ ತಂತ್ರಾಂಶ ಬಳಸಿ ಕಾದಿರಿಸಿದ್ದ ಸುಮಾರು 2,000 ಸಂದರ್ಶನಗಳನ್ನು ಒಂದೇ ಏಟಿಗೆ ರದ್ದು ಮಾಡಿತು. ಏಜೆಂಟರಿಗೆ ದುಡ್ಡು ಕೊಟ್ಟವರದು ಅತ್ತ ಸ್ಲಾಟೂ ಇಲ್ಲ, ಇತ್ತ ಕಾಸೂ ಇಲ್ಲ ಎಂಬ ಪಾಡು. ದೇವರ ಮೊರೆ ಹೋಗುವವರಿಗೂ ವ್ಯವಸ್ಥೆ ಇದೆ. ಹೈದರಾಬಾದಿನ ಬಳಿಯ ಚಿಲ್ಕೂರು ಬಾಲಾಜಿಯಂತೆ ಚೆನ್ನೈ ವಿಮಾನ ನಿಲ್ದಾಣದ ಸಮೀಪ ಶ್ರೀ ಲಕ್ಷ್ಮೀ ವೀಸಾ ಗಣಪತಿ ಇದ್ದಾನೆ. ಏಜೆಂಟರಿಗೆ ಹೋಲಿಸಿದರೆ ಗಣಪತಿಯ ಖರ್ಚು ಕಡಿಮೆ, ಅಪಾಯ ಇಲ್ಲವೇ ಇಲ್ಲ.

ಅಪಾಯದ ಮಾತು ತಮಾಷೆಯದಲ್ಲ. ವೀಸಾ ನಿರಾಕರಣೆಯಾದರೆ ಮತ್ತೆ ಅರ್ಜಿ ಹಾಕಬಹುದು. ಸುಳ್ಳು ಹೇಳಿ ಸಿಕ್ಕಿಬಿದ್ದರೆ ‘ತಪ್ಪು ನಿರೂಪಣೆ’ಯ ಕಲಮಿನಡಿ ಜೀವಮಾನಪೂರ್ತಿ ಅನರ್ಹರಾಗಬಹುದು. ಡಿಎಸ್-160 ಅರ್ಜಿಯನ್ನು ಏಜೆಂಟರೇ ತುಂಬಿದ್ದರೂ ಅದರಲ್ಲಿನ ಪ್ರತಿ ಅಕ್ಷರಕ್ಕೂ ಹೊಣೆ ಅರ್ಜಿದಾರರದು. ಕೊನೆಯ ಗುಂಡಿ ಒತ್ತುವ ಮುನ್ನ ಪೂರ್ತಿ ಓದಬೇಕು. ಕಿಟಕಿಯ ಮುಂದೆ ಕೇಳಿದ್ದಕ್ಕಷ್ಟೇ ಉತ್ತರ. ‘ಯಾಕೆ ಹೋಗುತ್ತಿದ್ದೀರಿ?’ ಎಂದರೆ ‘ಮಗಳ ಹೆರಿಗೆ, ಮೂರು ತಿಂಗಳು ಇರುತ್ತೇವೆ’ ಎಂದರೆ ಸಾಕು, ನಯಾಗರ ಜಲಪಾತದಿಂದ ಶುರುಮಾಡಬೇಕಿಲ್ಲ. ಜಮೀನಿನ ಪಹಣಿ, ಎಫ್.ಡಿ. ರಸೀತಿ ಎಲ್ಲ ಫೈಲಿನಲ್ಲಿರಲಿ, ಕೇಳಿದರೆ ತೋರಿಸಿದರಾಯಿತು. ಹೆಚ್ಚಿನ ಅಧಿಕಾರಿಗಳು ಕಾಗದಕ್ಕಿಂತ ಮಾತನ್ನೇ ಹೆಚ್ಚು ಗಮನಿಸುತ್ತಾರೆ. ಜಾಲತಾಣದ ಹಳೆಯ ಖಾತೆಗಳನ್ನು ಸಂದರ್ಶನದ ಹಿಂದಿನ ರಾತ್ರಿ ಅಳಿಸಿಹಾಕುವುದು ಜಾಣತನವಲ್ಲ. ಕಳೆದ ಐದು ವರ್ಷದಲ್ಲಿ ಬಳಸಿದ ಖಾತೆಗಳನ್ನು ಅರ್ಜಿಯೇ ಕೇಳುತ್ತದೆ.

ಅಮೆರಿಕವೊಂದೇ ಬಾಗಿಲು ಕಿರಿದು ಮಾಡಿದೆ ಎಂದುಕೊಳ್ಳಬಾರದು. ಬ್ರಿಟನ್ 2024ರ ಜನವರಿಯಿಂದ ಬಹುತೇಕ ವಿದೇಶಿ ವಿದ್ಯಾರ್ಥಿಗಳು ಹೆಂಡತಿ ಮಕ್ಕಳನ್ನು ಕರೆತರುವುದನ್ನು ನಿಲ್ಲಿಸಿತು. ಕೆನಡಾ ಅದೇ ವರ್ಷ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿ, ನವೆಂಬರ್ 8ರಂದು ತ್ವರಿತ ವಿಲೇವಾರಿಯ ವ್ಯವಸ್ಥೆಯನ್ನು ಏಕಾಏಕಿ ಮುಚ್ಚಿತು. ಜರ್ಮನಿಯದು ಮಿಶ್ರ ಫಲ. ಭಾರತದ ಕುಶಲ ಕೆಲಸಗಾರರಿಗೆ ಕೊಡುವ ವೀಸಾ ಸಂಖ್ಯೆಯನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸಿದ ಅದೇ ದೇಶ, ನಿರಾಕರಣೆಯಾದವರು ಕಾನ್ಸುಲೇಟಿಗೇ ಉಚಿತವಾಗಿ ತಕರಾರು ಸಲ್ಲಿಸುವ ಪದ್ಧತಿಯನ್ನು 2025ರ ಜುಲೈ 1ರಿಂದ ರದ್ದು ಮಾಡಿತು. ಇನ್ನು ತಕರಾರಿದ್ದರೆ ಜರ್ಮನಿಯ ಕೋರ್ಟಿಗೇ ಹೋಗಬೇಕು.

ನಮ್ಮ ಕಿಟಕಿಯ ಕಡೆಗೂ ನೋಡೋಣ. ಅಮೆರಿಕದ ಕಾನ್ಸುಲೇಟಿನಿಂದ ದೂರವಲ್ಲದ ಹ್ಯಾಡೋಸ್ ರಸ್ತೆಯ ಶಾಸ್ತ್ರಿ ಭವನದಲ್ಲಿ ವಿದೇಶಿಯರ ನೋಂದಣಿ ಕಚೇರಿಯಿದೆ. ಭಾರತಕ್ಕೆ ಬಂದವರು ಅಲೆಯುವುದು ಅಲ್ಲಿಗೆ. 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದು, 1920ರಷ್ಟು ಹಳೆಯದೂ ಸೇರಿ ನಾಲ್ಕು ಕಾನೂನುಗಳು ಹೋದವು. ನಕಲಿ ಪಾಸ್‌ಪೋರ್ಟ್ ಬಳಸಿದರೆ 7 ವರ್ಷದವರೆಗೆ ಸೆರೆ, 10 ಲಕ್ಷದವರೆಗೆ ದಂಡ. ತಮಿಳುನಾಡಿಗೆ ಮುಖ್ಯವಾದದ್ದು ಅದರೊಂದಿಗೆ ಬಂದ ವಿನಾಯಿತಿ: 2015ರ ಜನವರಿ 9ಕ್ಕೆ ಮೊದಲು ಬಂದು ನೋಂದಾಯಿಸಿಕೊಂಡ ಶ್ರೀಲಂಕಾ ತಮಿಳು ನಿರಾಶ್ರಿತರನ್ನು ಪಾಸ್‌ಪೋರ್ಟ್ ಇಲ್ಲವೆಂದು ಶಿಕ್ಷಿಸುವಂತಿಲ್ಲ.

ಅಮೆರಿಕದ ಪಾಸ್‌ಪೋರ್ಟ್ ಇರುವ ನಮ್ಮದೇ ಮಕ್ಕಳ ವಿಷಯದಲ್ಲಿ ಭಾರತವೂ ಮಧ್ಯದಲ್ಲಿ ನಿಯಮ ಬದಲಿಸಿದೆ. ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇರುವ ವಿದ್ಯಾರ್ಥಿಗಳಿಗೆ ಕರ್ನಾಟಕದ ವೃತ್ತಿಶಿಕ್ಷಣ ಸೀಟುಗಳಲ್ಲಿ ಭಾರತೀಯರಂತೆಯೇ ಅವಕಾಶ ಕೊಡಬೇಕೆಂದು ಕರ್ನಾಟಕ ಹೈಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿತು. 2021ರ ಮಾರ್ಚ್ 4ರಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಅವರನ್ನು ಎನ್ನಾರೈ ಸೀಟುಗಳಿಗೆ ಸೀಮಿತಗೊಳಿಸಿತು. ಇಲ್ಲೇ ಬೆಳೆದು, ಇಲ್ಲೇ ಓದಿ, ನೀಟ್‌ಗೆ ಸಿದ್ಧರಾದವರು ರಾತ್ರೋರಾತ್ರಿ ಹೊರಗಿನವರಾದರು. ಆದರೆ ಇಲ್ಲಿ ಹೋಗಲು ಒಂದು ಕೋರ್ಟಿತ್ತು. 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಆ ಅಧಿಸೂಚನೆಗೆ ಮೊದಲೇ ಕಾರ್ಡ್ ಪಡೆದಿದ್ದವರಿಗೆ ಹೊಸ ನಿಯಮ ಅನ್ವಯಿಸದು, ಮುಂದೆ ಪಡೆಯುವವರಿಗೆ ಮಾತ್ರ ಎಂದಿತು. ನಿಯಮ ಬದಲಿಸುವ ಸರ್ಕಾರದ ಹಕ್ಕನ್ನು ಕೋರ್ಟ್ ಅಲ್ಲಗಳೆಯಲಿಲ್ಲ, ದಾರಿಯಲ್ಲಿದ್ದವರನ್ನು ದಾರಿಯಲ್ಲೇ ಬಿಡಬಾರದೆಂಬುದಷ್ಟೇ ತೀರ್ಪಿನ ತಿರುಳು. ಜೆಮಿನಿ ಸರ್ಕಲ್‌ನ ಸಾಲಿನಲ್ಲಿ ನಿಂತವರಿಗೆ ಇಂಥದೊಂದು ಮೆಟ್ಟಿಲು ಇಲ್ಲ.

ಇನ್ನು ಬೆಂಗಳೂರಿನ ಕಾನ್ಸುಲೇಟ್. 2025ರ ಜನವರಿ 17ರಂದು ರಾಯಭಾರಿ ಎರಿಕ್ ಗಾರ್ಸೆಟಿ, ವಿದೇಶಾಂಗ ಸಚಿವ ಎಸ್. ಜೈಶಂಕರ್ ಮತ್ತು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರ ಸಮ್ಮುಖದಲ್ಲಿ ಜೆ.ಡಬ್ಲ್ಯೂ. ಮ್ಯಾರಿಯಟ್ ಹೋಟೆಲಿನಲ್ಲಿ ತಾತ್ಕಾಲಿಕ ಕಚೇರಿಯ ಉದ್ಘಾಟನೆಯಾಯಿತು. ವಾಣಿಜ್ಯ, ತಂತ್ರಜ್ಞಾನ ಸಹಕಾರದಂಥ ಕೆಲಸಗಳಿಗೆ ಕಚೇರಿ ಸಿದ್ಧ, ವೀಸಾ ಕಿಟಕಿ ಮಾತ್ರ ಇಲ್ಲ. ಹೈದರಾಬಾದಿನ ಚರಿತ್ರೆ ನೋಡಿದರೆ ಇದಕ್ಕೆಷ್ಟು ಕಾಲ ಹಿಡಿಯಬಹುದೆಂಬ ಅಂದಾಜು ಸಿಗುತ್ತದೆ. ಅಲ್ಲಿ 2008ರಲ್ಲಿ ಬೇಗಂಪೇಟೆಯ ಪೈಗಾ ಅರಮನೆಯಲ್ಲಿ ಕಚೇರಿ ತೆರೆದು, ಮಾರನೆಯ ವರ್ಷ ವೀಸಾ ಕೊಡಲಾರಂಭಿಸಿದರು. ನಾನಕ್‌ರಾಮ್‌ಗುಡದ ಸ್ವಂತ ಕಟ್ಟಡಕ್ಕೆ ಸ್ಥಳಾಂತರವಾದದ್ದು 2023ರ ಮಾರ್ಚ್‌ನಲ್ಲಿ. ವೆಚ್ಚ 34 ಕೋಟಿ ಡಾಲರ್, ವೀಸಾ ಕಿಟಕಿಗಳು 54. ಬೆಂಗಳೂರಿನಲ್ಲಿ ಕಾಯಂ ಕಟ್ಟಡಕ್ಕೆ ಇನ್ನೂ ಜಾಗ ಆಗಬೇಕು, ನಕ್ಷೆಯಾಗಬೇಕು, ವಾಷಿಂಗ್ಟನ್‌ನಿಂದ ಹಣ ಬರಬೇಕು. ಸದ್ಯಕ್ಕೆ ಕರ್ನಾಟಕದವರಿಗಿರುವ ಅನುಕೂಲ, ವೀಸಾ ಅಂಟಿಸಿದ ಪಾಸ್‌ಪೋರ್ಟನ್ನು ಬೆಂಗಳೂರಿನಲ್ಲೇ ಪಡೆದುಕೊಳ್ಳಬಹುದು ಎಂಬುದು. ಅರ್ಜಿ ತುಂಬುವಾಗಲೇ ಆ ಕೇಂದ್ರವನ್ನು ಆರಿಸಿಕೊಂಡರೆ ಚೆನ್ನೈಗೆ ಎರಡನೇ ಟಿಕೆಟ್ ತೆಗೆಸುವ ಖರ್ಚು ಉಳಿಯುತ್ತದೆ.